ಅರ್ಧ ಹೊಲದ ಚರಗ

ಜಕ್ಕಲಿ, ತಾ. ರೋಣ
೨ ಜನೇವರಿ ೨೦೨೫

ನರಗುಂದದ ಅಳಿಯಂದಿರಾದ ಅನಿಲಕುಮಾರ ಅವರಿಗೆ,

ಈ ಕಾಗದ ಬರೆಯುತ್ತಿರುವವಳು ಜಕ್ಕಲಿಯ ಚನ್ನವ್ವ ಕೋಂ ಅರ್ಜುನಪ್ಪ ಬೇವಿನಗಿಡದ. ವಯಸ್ಸು ಎಪ್ಪತ್ತೊಂದು. ಮೂವತ್ತೆಂಟು ಎಕರೆ ಎರೆಹೊಲ, ಎರಡು ಜೋಡಿ ಎತ್ತು, ಒಂದು ಟ್ರ್ಯಾಕ್ಟರು ಇರುವ ಮನೆಗೆ ಹಿರಿಯಳು. ಯಜಮಾನರು ಹೋಗಿ ಹತ್ತೊಂಬತ್ತು ವರ್ಷವಾಯಿತು. ಅಂದಿನಿಂದ ಬಿತ್ತುವ ದಿನ, ಕೊಯ್ಯುವ ದಿನ ನಾನು ಹೇಳಿದ್ದೇ ಆಗಿದೆ. ಮಗ ಗುರುಪಾದನಿಗೆ ನಲವತ್ತೈದಾದರೂ ನನ್ನನ್ನು ಕೇಳದೆ ಬೀಜದ ಚೀಲ ಬಿಚ್ಚುವುದಿಲ್ಲ. ಅತ್ತೆಯಾದವಳು ಅಳಿಯನಿಗೆ ತನ್ನ ಪರಿಚಯ ಹೇಳಿಕೊಳ್ಳುವುದು ಚಂದವಲ್ಲ. ಆದರೆ ಐದು ವರ್ಷದಿಂದ ನೀವು ನನ್ನ ಹೊಸ್ತಿಲು ತುಳಿದಿಲ್ಲ, ನನ್ನ ಹೊಲ ಮಾತ್ರ ತುಳಿಯುತ್ತಿದ್ದೀರಿ. ಆದ್ದರಿಂದ ನೆನಪು ಮಾಡಿಕೊಡಬೇಕಾಗಿದೆ.

ಮನೆಯಲ್ಲಿ ಮೂರು ಫೋನುಗಳಿವೆ. ಫೋನಿನಲ್ಲಿ ಆಡಿದ್ದನ್ನು ಆಡಿಲ್ಲ ಎನ್ನಬಹುದು. ಅದಕ್ಕೇ ರಜಿಸ್ಟರ್ ಕಾಗದ. ಉತ್ತರವೂ ರಜಿಸ್ಟರಿನಲ್ಲೇ ಬರಲಿ.

ಮೊನ್ನೆ ಎಳ್ಳಮಾವಾಸ್ಯೆಯ ಮಧ್ಯಾಹ್ನ ನಮ್ಮ ಆಳು ಹುಚ್ಚಪ್ಪ ಎತ್ತು ಹೊಡೆದುಕೊಂಡು ಬಂದು ಅಂಗಳದಲ್ಲಿ ನಿಂತು ನಗುತ್ತಿದ್ದ.

"ಅವ್ವಾರ, ಕುಂಕುಮದ ಹೊಲಕ್ಕ ಅಳ್ಯಾರು ಬಂದಿದ್ರು ನೋಡ್ರಿ. ಚರಗ ಚೆಲ್ಲಿ ಹ್ವಾದ್ರು."

"ಬೆಳಿಗ್ಗೇನ ನಮ್ಮ ಮೈದುನ ಚೆಲ್ಲಿ ಬಂದಾನಲ್ಲೋ. ಇವರಿಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಪ್ಲಾಸ್ಟಿಕ್ ಚೀಲದಾಗ ಹೋಳಿಗಿ, ಬಾನ ತಂದಿದ್ರು. ಹುಲ್ಲುಲ್ಲಿಗ್ಯೋ ಅಂತ ಒದರಿದ್ರು, ಅರಿವಿ ಅಂಗಡ್ಯಾಗ ಗಿರಾಕಿ ಕರದಂಗ! ಅದೂ ಅರ್ಧಾ ಹೊಲಕ್ಕ. ಒಡ್ಡಿನತನ ಬಂದು ನಿಂತ್ರು. ಆಚೀಕ ಒಂದು ತುತ್ತು ಒಗೀಲಿಲ್ಲ."

ನೀವು ಬಟ್ಟೆ ವ್ಯಾಪಾರದ ಮನೆಯವರು, ತಿಳಿಯದಿದ್ದರೆ ತಿಳಿದುಕೊಳ್ಳಿರಿ. ಹಬ್ಬದ ಅಡಿಗೆಯನ್ನು ಹುಲ್ಲುಲ್ಲಿಗ್ಯೋ ಎಂದು ಕೂಗುತ್ತ ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸುವವನು ಹೊಲದ ಒಡೆಯ. ಕೂಲಿಯವ ಚೆಲ್ಲುವುದಿಲ್ಲ, ನೆಂಟ ಚೆಲ್ಲುವುದಿಲ್ಲ. ಆ ಆರು ಎಕರೆಯನ್ನು ನಾವು ಉಮಾಶ್ರೀಗೆ ಅರಿಶಿಣ-ಕುಂಕುಮಕ್ಕೆಂದು ಬಾಯಿಮಾತಿನಲ್ಲಿ ಕೊಟ್ಟಿದ್ದೆವು. ಅವಳಿರುವತನಕ ಅದರ ಬೆಳೆ ಅವಳದು. ಅವಳ ನಂತರ ಹೊಲ ತವರಿಗೆ ಮರಳಿತು. ಇದು ಹಿಂದಿನಿಂದ ಬಂದ ಪದ್ಧತಿ. ನೀವೀಗ ಅರ್ಧಕ್ಕೆ ಚರಗ ಚೆಲ್ಲಿದ್ದರ ಅರ್ಥ ಅರ್ಧ ಪಾಲು ಕೇಳುತ್ತೀರೆಂದೇ?

ಹೋಗುವಾಗ ಎರಡು ಕಡೆಯ ಮಣ್ಣನ್ನು ಬೇರೆ ಬೇರೆ ಕಟ್ಟಿಕೊಂಡು ಹೋದಿರಂತೆ. ಹುಚ್ಚಪ್ಪನ ಹೆಂಡತಿ ದೇವವ್ವ ಮಾಟ ಎಂದಳು. ನಾನು ರೋಣದ ಹೈಸ್ಕೂಲಿನಲ್ಲಿ ಓದಿದವಳು, ಮಾಟ ನಂಬುವುದಿಲ್ಲ. ಕೋರ್ಟು ನಂಬುತ್ತೇನೆ.

ನನ್ನ ಮಗಳನ್ನು ಅದೇ ಹೊಲದಲ್ಲಿ ಮಣ್ಣು ಮಾಡಿದ ದಿನ ಊರವರೆಲ್ಲ ಒಂದೊಂದು ಬೊಗಸೆ ಮಣ್ಣು ಕೊಟ್ಟರು. ಗಂಡನ ಬೊಗಸೆ ಒಂದೇ ಇರಲಿಲ್ಲ. ಮಣ್ಣು ಕೊಡಲು ಬಾರದವರು ಈಗ ಮಣ್ಣು ಒಯ್ಯಲು ಬಂದಿರಾ?

ಉತ್ತರಕ್ಕೆ ಕಾದಿರುವ,
ಚನ್ನವ್ವ ಅ. ಬೇವಿನಗಿಡದ

•

ನರಗುಂದ
೧೪ ಜನೇವರಿ ೨೦೨೫

ಅತ್ತೆಯವರಿಗೆ ಅನಿಲನ ಶರಣು.

ನಿಮ್ಮ ಅಕ್ಷರ ನೋಡಿ ಐದು ವರ್ಷವಾಗಿತ್ತು. ಬೈಗುಳವಾದರೂ ಎರಡು ಸಲ ಓದಿದೆ.

ಚರಗ ಒಡೆಯನೇ ಚೆಲ್ಲಬೇಕೆಂದು ನನಗೆ ಗೊತ್ತಿರಲಿಲ್ಲ. ಮದುವೆಯಾದ ವರ್ಷ ಉಮಾ ನನ್ನನ್ನು ಕರೆದುಕೊಂಡು ಹೋಗಿ ಒದರುವುದನ್ನು ಕಲಿಸಿದ್ದಳು. ನಾನು ಒದರಿದ್ದಕ್ಕೆ ಬುಟ್ಟಿ ಕೆಳಗಿಟ್ಟು ನಕ್ಕಿದ್ದಳು. ಅಷ್ಟೇ ನೆನಪಿನಿಂದ ಮಾಡಿದೆ. ಅರ್ಧದ ಮಾತು ನನಗೆ ಅರ್ಥವಾಗಲಿಲ್ಲ. ನಾನು ಹೊಲಕ್ಕೆಲ್ಲ ಚೆಲ್ಲಿದ್ದೇನೆ.

ಮಣ್ಣು ಒಯ್ದದ್ದು ಬಣ್ಣಕ್ಕೆ. ಅಣ್ಣನ ಅಂಗಡಿಯ ಮಾಳಿಗೆಯಲ್ಲಿ ಕೂತು ಇಪ್ಪತ್ತು ವರ್ಷ ಗುಡ್ಡ, ಹೊಳೆ, ಬಯಲು ಬರೆದವನು ನಾನು. ಈಗ ಆ ಹೊಲವೊಂದನ್ನು ಬಿಟ್ಟು ಬೇರೇನೂ ಬರೆಯಲು ಕೈ ಏಳುತ್ತಿಲ್ಲ. ಅದೂ ಸರಿಯಾಗಿ ಬರುತ್ತಿಲ್ಲ. ಎರೆ ಕಪ್ಪು ಎನ್ನುತ್ತಾರೆ. ಅಂಗಡಿಯಲ್ಲಿ ಸಿಗುವ ಕಪ್ಪು ಹಚ್ಚಿದರೆ ಹೊಲ ಸತ್ತುಹೋಗುತ್ತದೆ. ಈಗಿನ ಎರೆ ರೊಟ್ಟಿ ಸುಟ್ಟು ಇಳಿಸಿದ ಹಂಚಿನ ಹಾಗಿದೆ. ಮಳೆ ಬಿದ್ದ ದಿನ ಅದೇ ಮಣ್ಣಿನಲ್ಲಿ ನೀಲಿ ಏಳುತ್ತದೆ. ಬೇಸಿಗೆಯಲ್ಲಿ ಬೂದಿ. ಅದಕ್ಕೇ ಆ ಮಣ್ಣನ್ನೇ ಅರೆದು ಜಾಲಿಯ ಅಂಟಿನಲ್ಲಿ ಕಲಸಿ ನೋಡುತ್ತಿದ್ದೇನೆ.

ಹೊಲ ಒಂದು ಸುತ್ತು ಬಣ್ಣ ಬದಲಿಸುವುದನ್ನು ನೋಡಬೇಕಾಗಿದೆ. ಬರುವ ಅಕ್ಟೋಬರಿನ ಸೀಗಿ ಹುಣ್ಣಿವೆಯ ತನಕ ಕೂಡಲು ಬಿಡಿ. ಪಾಲು ಬೇಡ, ಬೆಳೆ ಬೇಡ.

ನಿಮ್ಮ,
ಅನಿಲಕುಮಾರ

•

ಜಕ್ಕಲಿ
೩ ಫೆಬ್ರುವರಿ ೨೦೨೫

ಅನಿಲಕುಮಾರ ಅವರಿಗೆ,

ಹುಚ್ಚಪ್ಪ ಕಣ್ಣಾರೆ ಕಂಡಿದ್ದಾನೆ, ಅರ್ಧ ಎಂದು. ನೀವು ಪೂರ್ತಿ ಎಂದು ಬರೆಯುತ್ತೀರಿ. ಮೂವತ್ತು ವರ್ಷ ನನ್ನ ಮನೆಯ ರೊಟ್ಟಿ ಉಂಡವನು ಸುಳ್ಳು ಹೇಳುವ ಕಾರಣವಿಲ್ಲ. ನಿಮಗೆ ಕಾರಣವಿದೆ.

ಬಣ್ಣದ ಮಾತು ನಿಮಗೆ ಸಲೀಸು. ಬಣ್ಣಕ್ಕಾಗಿಯೇ ನೀವು ಏನು ಬಿಟ್ಟಿರೆಂದು ನನಗೆ ಗೊತ್ತಿದೆ. ಪಂಚಮಿಗೆ ತವರಿಗೆ ಬಂದ ಉಮಾ ಎದೆನೋವಿನಿಂದ ಇಲ್ಲಿ ಮಲಗಿದ್ದಳು. ನೀವು ಕೊಣ್ಣೂರಿಗೆ ಹೋಗಿ, ಸೇತುವೆ ದಾಟಿ, ಆಚೆ ದಂಡೆಯಲ್ಲಿ ಕೂತು ಮಲಪ್ರಭೆಯ ಕೆಂಪು ನೀರು ಬರೆಯುತ್ತಿದ್ದಿರಿ. ಹೊಳೆ ಸೇತುವೆಯ ಮೇಲೆ ಬಂತು. ಅವಳು ಬೆಳಗಿನ ಜಾವ ಹೋದಳು. ನೀವು ಬಂದದ್ದು ಆರನೆಯ ದಿನ. ಮಳೆಯಲ್ಲಿ ಎರೆಹೊಲ ಮೊಣಕಾಲ ತನಕ ಹುಗಿಯುತ್ತದೆ, ಕಾಲಿಡಬೇಡಿರಿ ಎಂದು ನಾನು ಬಾಗಿಲಿನಿಂದಲೇ ಕಳಿಸಿದೆ. ಮಹಾನವಮಿಗೆ ಮತ್ತೆ ಬಂದಿರಿ. ಅಷ್ಟರಲ್ಲಿ ಹೊಲ ಬಿತ್ತಿಯಾಗಿತ್ತು. ನೀವು ಏನನ್ನೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಕಳ್ಳನೆಂದು ಅನುಮಾನವಿರುವವನನ್ನು ಓಡಿಸುವುದಕ್ಕಿಂತ ಕಣ್ಣೆದುರು ಕೂಡಿಸುವುದು ಲೇಸು. ಆದ್ದರಿಂದ ಕೂಡಲು ಬಿಡುತ್ತೇನೆ. ಷರತ್ತುಗಳಿವೆ. ಒಡ್ಡಿನ ಮೇಲಿನ ಬನ್ನಿ ಗಿಡದ ಕೆಳಗೆ ಮಾತ್ರ ಕೂಡಬೇಕು. ಮುಖ ಊರಿನ ಕಡೆಗಿರಬೇಕು. ಒಡ್ಡಿನ ಆಚೆಯದನ್ನು ಬರೆಯಕೂಡದು. ಮಣ್ಣು ಮುಟ್ಟಕೂಡದು. ಹುಚ್ಚಪ್ಪ ಅಲ್ಲೇ ಇರುತ್ತಾನೆ. ಹಬ್ಬದ ದಿನ ಬರಕೂಡದು.

ಸೀಗಿ ಹುಣ್ಣಿವೆಗೆ ಇದು ಮುಗಿಯತಕ್ಕದ್ದು.

ಚನ್ನವ್ವ ಅ. ಬೇವಿನಗಿಡದ

•

ಜಕ್ಕಲಿ
೨೨ ಎಪ್ರಿಲ್ ೨೦೨೫

ಅನಿಲಕುಮಾರ ಅವರಿಗೆ,

ಜೋಳ ಕೊಯ್ದು ಎರಡು ತಿಂಗಳಾಯಿತು. ಹೊಲದಲ್ಲಿ ಕಡ್ಡಿ ಇಲ್ಲ, ಕಾಗೆ ಇಲ್ಲ. ದನ ಕೂಡ ನೆರಳು ಬಿಟ್ಟು ಬರದ ಹೊತ್ತಿನಲ್ಲಿ ನೀವು ತಲೆಗೆ ಒದ್ದೆ ಟಾವೆಲ್ ಸುತ್ತಿಕೊಂಡು ಬನ್ನಿಯ ಕೆಳಗೆ ಕೂಡುತ್ತೀರಂತೆ. ಏನೂ ಇಲ್ಲದ ಹೊಲದಲ್ಲಿ ಬರೆಯುವುದೇನು?

ಮೈದುನ ಈಶಪ್ಪ ಮೊನ್ನೆ ಊಟಕ್ಕೆ ಕೂತಾಗ ಹೇಳಿದ. "ವೈನಿ, ಗಜೇಂದ್ರಗಡದ ಗುಡ್ಡದ ತುಂಬ ಕರೆಂಟಿನ ಗಾಳಿಕಂಬ ಆದ್ವು. ಈಗ ಕಂಪನ್ಯಾರು ಎರೀಗೆ ಇಳೀತಾರ. ಮೊದ್ಲ ಒಬ್ಬವ ಬಂದು ಮಣ್ಣು ಒಯ್ತಾನ, ಆಮ್ಯಾಲ ಒಬ್ಬವ ಬಂದು ನಕ್ಷಾ ಬರಕೊಂತಾನ. ಇವರು ಎರಡೂ ಮಾಡ್ಯಾರ. ಮೂರನೇದವ ಕಾಗದ ತರ್ತಾನ ನೋಡ್ರಿ." ಈಶಪ್ಪ ಬಾಯಿ ಹರಕ, ಆದರೆ ಹತ್ತರಲ್ಲಿ ನಾಲ್ಕು ಮಾತು ನಿಜವಾಗುತ್ತವೆ.

ಹುಚ್ಚಪ್ಪನನ್ನು ಕರೆಸಿ ಕೇಳಿದೆ. ನೀವಿಬ್ಬರೂ ಆಡಿದ್ದನ್ನು ಅವನು ಇದ್ದದ್ದು ಇದ್ದ ಹಾಗೆ ಹೇಳಿದ.

"ಏನ್ರಿ ಅಳ್ಯಾರ, ಬರೇ ಬಿರುಕು ಬರ್ಯಾಕತ್ತೀರಿ. ಇದನ್ನ ಯಾರ ಮನ್ಯಾಗ ತೂಗಹಾಕ್ತಾರ? ಒಂದು ಜೋಡಿ ಎತ್ತಾದ್ರೂ ಬರೀರಿ. ಬೇಕಾದ್ರ ನಮ್ಮ ಬಿಳಿ ಎತ್ತು ನಿಂದ್ರಸ್ತೀನಿ, ಫೋಟೋಕ್ಕ ನಿಂತಂಗ ನಿಂದರ್ತೈತಿ."

"ಎತ್ತು ಬ್ಯಾಡ ಹುಚ್ಚಪ್ಪ. ಅಲ್ನೋಡು, ಆ ಜಾಗದಾಗ ಬಿರುಕು ಯಾಕ ಸಣ್ಣದಾವು? ಅಲ್ಲಿ ಯಾರರ ಆಳ ತೋಡಿದ್ರೇನು?"

"ಅವ್ವಾರನ್ನ ಕೇಳ್ರಿ."

ಹುಚ್ಚಪ್ಪನ ಉತ್ತರ ಸರಿಯಾಗಿದೆ. ನಿಮ್ಮ ಪ್ರಶ್ನೆ ಸರಿಯಾಗಿಲ್ಲ. ನನ್ನ ಹೊಲದಲ್ಲಿ ತೋಡಿದ ಜಾಗ ಯಾವುದು, ತೋಡದ ಜಾಗ ಯಾವುದು ಎಂಬುದು ಚಿತ್ರ ತೆಗೆಯುವವನಿಗೆ ಏಕೆ ಬೇಕು? ಕಂಬಕ್ಕೆ ಬುನಾದಿ ಹಾಕುವವನಿಗೆ ಬೇಕು. ಅಥವಾ ಇನ್ನಾವುದೋ ಹುಡುಕುವವನಿಗೆ ಬೇಕು. ನೀವು ಯಾರು?

ಇದಕ್ಕೆ ಸುತ್ತುಬಳಸಿ ಬರೆಯದೆ ಉತ್ತರಿಸಿರಿ.

ಚನ್ನವ್ವ ಅ. ಬೇವಿನಗಿಡದ

•

ನರಗುಂದ
೧೬ ಜೂನ್ ೨೦೨೫

ಅತ್ತೆಯವರಿಗೆ ಶರಣು.

ತಡವಾಯಿತು. ಬರೆದು ಹರಿದ ಕಾಗದ ನಾಲ್ಕು.

ಯಾವ ಕಂಪನಿಯೂ ನನಗೆ ಗೊತ್ತಿಲ್ಲ. ಕಳೆದ ತಿಂಗಳು ಗಜೇಂದ್ರಗಡದಲ್ಲಿ ಒಂದು ಸಣ್ಣ ಪ್ರದರ್ಶನ ಮಾಡಿದರು. ನನ್ನ ಏಳು ಚಿತ್ರ ಇಟ್ಟಿದ್ದೆ. ಸೀರೆ ವ್ಯಾಪಾರದ ಒಬ್ಬ ಹಿರಿಯರು ಏಳನ್ನೂ ನೋಡಿ ಬಂದು, "ಮಾಸ್ತರ, ಒಂದ ಚಿತ್ರ ಏಳು ಸಲ ಯಾಕ ಇಟ್ಟೀರಿ? ನಡುವ ತಲೀ ಮ್ಯಾಲ ಬುತ್ತಿ ಹೊತ್ತ ಹೆಣ್ಮಗಳ್ನ ಬರೀರಿ, ಇವತ್ತ ಒಯ್ತೀನಿ" ಎಂದರು. ಆಗಲಿ ಎಂದು ಮನೆಗೆ ಬಂದು ಕುಂಚ ಹಿಡಿದೆ. ಹೊಲದಲ್ಲಿ ನಿಲ್ಲಿಸಲು ಆ ಹೆಣ್ಣುಮಗಳಿಗೆ ಒಂದು ಮುಖ ಬೇಕಲ್ಲ. ಕುಂಚ ತೊಳೆದಿಟ್ಟೆ.

ಮೊದಲ ಮಳೆಯ ದಿನ ನಿಮ್ಮ ಬನ್ನಿಯ ಕೆಳಗೇ ಇದ್ದೆ. ನೀಲಿ ಎದ್ದಿತು. ಇದ್ದದ್ದು ಒಂದು ಗಳಿಗೆ. ಬಣ್ಣ ಕಲಸುವುದರೊಳಗೆ ಹೋಯಿತು. ಇನ್ನೊಂದು ವರ್ಷ ಕಾಯಬೇಕು.

ಹೊಳೆಯ ಮಾತು ಬರೆದಿದ್ದಿರಿ. ಉಮಾನೇ ಹೋಗು ಎಂದಳು, ಹೊಸನೀರು ವರ್ಷಕ್ಕೊಮ್ಮೆ ಬರುತ್ತದೆ ಎಂದಳು. ಇದನ್ನು ನೀವು ನಂಬುವುದಿಲ್ಲ. ನಂಬದಿದ್ದರೂ ಸರಿಯೇ. ಅವಳು ಹೇಳಿದ್ದು ನಿಜ, ಹೋದವನು ನಾನು. ಅಂದಿನಿಂದ ನಾನು ಹೊಳೆ ಬರೆದಿಲ್ಲ.

ತೋಡಿದ ಜಾಗದ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಬರೆಯಲಾರೆ. ಚಿತ್ರಗಳು ಮಾಳಿಗೆಯಲ್ಲಿವೆ. ನೀವೇ ಒಂದು ದಿನ ಬಂದು ನೋಡಿರಿ.

ಅನಿಲಕುಮಾರ

•

ಜಕ್ಕಲಿ
೧೦ ಆಗಸ್ಟ್ ೨೦೨೫

ಅನಿಲಕುಮಾರ ಅವರಿಗೆ,

ಮೊನ್ನೆ ಎಂಟನೆಯ ತಾರೀಖು, ಉಮಾ ಹೋದ ದಿನ, ನಾನು ನಿಮ್ಮಲ್ಲಿಗೆ ಬಂದದ್ದನ್ನು ಇಲ್ಲಿ ಬರೆದಿಡುತ್ತೇನೆ. ಮುಂದೆ ಯಾರೂ ಬೇರೆ ರೀತಿ ಹೇಳಬಾರದು.

ಹೇಳದೇ ಬಂದೆ. ಹೇಳಿ ಬಂದರೆ ಮುಚ್ಚಿಡಬೇಕಾದದ್ದನ್ನು ಮುಚ್ಚಿಡಲು ನಿಮಗೆ ಸಮಯ ಸಿಗುತ್ತಿತ್ತು. ನಿಮ್ಮ ಅಣ್ಣ ಗಾದಿಯಿಂದ ಎದ್ದು ನಿಂತು ಚಹ ತರಿಸಿದರು. ಕುಡಿಯಲಿಲ್ಲ. ಮಾಳಿಗೆ ಹತ್ತಿದೆ. ಚಿತ್ರಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ನಾನೇ ಒಂದೊಂದಾಗಿ ತಿರುಗಿಸಿದೆ. ಹನ್ನೊಂದು.

"ಮನಶ್ಯಾರ ಸುಳಿವ ಇಲ್ಲಲ್ಲ ಇದರಾಗ," ಅಂದೆ. "ನನ್ನ ಮಗಳ್ನ ಒಂದ್ರಾಗರ ಬರದೀರೇನು?"

"ಹನ್ನೊಂದ್ರಾಗೂ ಅದಾಳ್ರಿ ಅತ್ತಿ."

"ಎಲ್ಲಿ?"

ನೀವು ಒಂದೊಂದು ಚಿತ್ರದಲ್ಲೂ ಬೆರಳಿಟ್ಟು ತೋರಿಸಿದಿರಿ. ಎಲ್ಲದರಲ್ಲೂ ಒಂದೇ ಜಾಗ. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಫೆಬ್ರುವರಿಯ ಚಿತ್ರದಲ್ಲಿ ಸುತ್ತಲಿನ ಜೋಳ ಒಣಗಿ ನಿಂತಾಗ ಅಲ್ಲಿಯದು ಇನ್ನೂ ಹಸಿರಿತ್ತು. ಎಪ್ರಿಲಿನದರಲ್ಲಿ ಬಿರುಕು ಅಲ್ಲಿ ಮಾತ್ರ ಸಣ್ಣವು. ಮಳೆಯದರಲ್ಲಿ ಎಲ್ಲ ಕಡೆ ಆರಿದ ಮೇಲೂ ಅಲ್ಲಿ ತೇವ.

"ನಾ ಮಣ್ಣು ಕೊಡಲಿಲ್ರಿ ಅತ್ತಿ. ಎಲ್ಲಿ ಇಟ್ರಿ ಅಂತ ನಿಮ್ಮನ್ನ ಕೇಳಾಕ ನನಗ ಮಾರಿ ಇರಲಿಲ್ಲ. ಹುಚ್ಚಪ್ಪ ಅವ್ವಾರನ್ನ ಕೇಳ್ರಿ ಅಂತಾನ. ಊರವ್ರು ನೆಲಾ ನೋಡ್ತಾರ. ಕಡೀಕ ಹೊಲಾನ ಕೇಳ್ಬೇಕು ಅಂತ ಕುಂತ್ನಿ. ಆಳ ತೋಡಿದ್ದ ನೆಲ ಬಣ್ಣದಾಗ ಗುರ್ತು ಹೇಳ್ತೈತಿ. ಅದಕ್ಕ ಮಣ್ಣು ಒಯ್ದೆ, ಅದಕ್ಕ ಎಲ್ಲಾ ಹಂಗಾಮು ನೋಡಿದ್ನಿ. ಖರೇ ಹೇಳ್ರಿ. ಇಲ್ಲೇ ಹೌದಲ್ರಿ?"

ನಾನು "ಹೂಂ" ಅಂದೆ.

ಆಡಿದ್ದು ಅಷ್ಟೇ. ನೀವು ಚಿತ್ರದ ಮುಂದೆ ನೆಲಕ್ಕೆ ಕೂತಿರಿ. ನಾನು ಇಳಿದು ಬಸ್ ಹಿಡಿದೆ.

ನಿಮಗೆ ಬೇಕಾದದ್ದು ಸಿಕ್ಕಂತಾಯಿತು. ಇನ್ನು ಹೊಲದ ಕಡೆ ಬರಲು ಕಾರಣ ಉಳಿದಿಲ್ಲ. ತಿಳಿದದ್ದು ತಿಳಿದ ಹಾಗೆಯೇ ಇರಲಿ.

ಚನ್ನವ್ವ ಅ. ಬೇವಿನಗಿಡದ

•

ನರಗುಂದ
೨೬ ಸಪ್ಟೆಂಬರ್ ೨೦೨೫

ಅತ್ತೆಯವರ ಪಾದಕ್ಕೆ,

ನೀವು ಅಂದ ಆ ಒಂದು "ಹೂಂ" ನನಗೆ ಆರು ವರ್ಷದ ನಿದ್ದೆ ತಿರುಗಿ ಕೊಟ್ಟಿತು. ಮೊನ್ನೆ ನರಗುಂದದ ಗುಡ್ಡ ಬರೆದೆ. ನಮ್ಮ ಮಾಳಿಗೆಯ ಕಿಟಕಿಗೇ ಕಾಣುವ ಗುಡ್ಡ. ಇಷ್ಟು ದಿನ ಅದಕ್ಕೆ ಬಣ್ಣವಿತ್ತೆಂಬುದೇ ಮರೆತಿತ್ತು. ಕೊಣ್ಣೂರಿಗೂ ಒಮ್ಮೆ ಹೋಗಿ ಬರಬೇಕೆಂದಿದ್ದೇನೆ.

ಒಂದು ಬೇಡಿಕೆ. ಕಲ್ಲುಕುಟಿಗ ಬಾಬುಸಾಬನಿಂದ ಮೊಳದೆತ್ತರದ ಕೆಂಪು ಕಲ್ಲು ಕಡೆಸಿದ್ದೇನೆ. "ಉಮಾಶ್ರೀ" ಎಂದಷ್ಟೇ ಇದೆ. ನನ್ನ ಹೆಸರಿಲ್ಲ, ನಮ್ಮ ಮನೆತನದ ಹೆಸರಿಲ್ಲ. ಅದನ್ನು ಅವಳ ಜಾಗದಲ್ಲಿ ಇಡಲು ಬಿಡಿ. ಹೊಲದ ನಟ್ಟನಡುವೆ ಇದ್ದಾಳೆ, ಊರ ಕಡೆಯ ಗಡಿಯಿಂದ ಎಷ್ಟು ದೂರವೋ ಒಡ್ಡಿನ ಗಡಿಯಿಂದಲೂ ಅಷ್ಟೇ ದೂರ. ಬಾಬುಸಾಬನಿಗೆ ಗುರುತು ಹೇಳಿದ್ದೇನೆ. ಸೀಗಿ ಹುಣ್ಣಿವೆಗೆ ಮೊದಲು ತಂದು ಇಳಿಸುತ್ತಾನೆ. ಹಬ್ಬದ ದಿನ ನಾನು ಬರಕೂಡದೆಂದು ಹೇಳಿದ್ದೀರಿ, ಬರುವುದಿಲ್ಲ.

ಬೇಡವೆಂದರೆ ಒಂದು ಸಾಲು ಬರೆಯಿರಿ.

ನಿಮ್ಮ ಅನಿಲ

•

ಜಕ್ಕಲಿ
೯ ಅಕ್ಟೋಬರ್ ೨೦೨೫

ಅನಿಲಕುಮಾರ ಅವರಿಗೆ,

ಈ ಕಾಗದವನ್ನು ರಜಿಸ್ಟರ್ ಮಾಡಿಸಿಲ್ಲ. ಹುಚ್ಚಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಇದನ್ನು ಇಟ್ಟುಕೊಳ್ಳುವುದು, ಹರಿಯುವುದು, ನಿಮ್ಮ ಅಣ್ಣನಿಗೆ ತೋರಿಸುವುದು ನಿಮಗೆ ಬಿಟ್ಟದ್ದು.

ಆಗಸ್ಟಿನಲ್ಲಿ ನಾನು ಅಂದ "ಹೂಂ" ಸುಳ್ಳು.

ನೀವು ಹನ್ನೊಂದು ಸಲ ಬರೆದ ಜಾಗ ನಮ್ಮ ಹಳೆಯ ಕಣ. ರಾಶಿಯ ಯಂತ್ರ ಬರುವ ಮೊದಲು ನಲವತ್ತು ವರ್ಷ ಅಲ್ಲೇ ಎತ್ತು ಕಟ್ಟಿ ಜೋಳ ತುಳಿಸಿದ್ದೇವೆ. ಸಗಣಿ, ಗಂಜಲ, ಹೊಟ್ಟು ಎಲ್ಲ ಇಂಗಿದ ನೆಲ ಅದು. ಅದಕ್ಕೇ ಅಲ್ಲಿಯ ಬೆಳೆ ಎಂಟು ದಿನ ತಡವಾಗಿ ಒಣಗುತ್ತದೆ. ಅದಕ್ಕೇ ತೇವ ಹಿಡಿದಿರುತ್ತದೆ, ಬಿರುಕು ಸಣ್ಣದಾಗುತ್ತದೆ. ನಿಮ್ಮ ಕಣ್ಣು ಕಂಡದ್ದರಲ್ಲಿ ತಪ್ಪಿಲ್ಲ. ರೈತರ ಮನೆಯಲ್ಲಿ ಹುಟ್ಟಿದ್ದರೆ ಕಣವನ್ನು ಕಣವೆಂದೇ ಗುರುತಿಸುತ್ತಿದ್ದಿರಿ.

ಇನ್ನೊಂದು. ಒಡ್ಡು ಹೊಲದ ಗಡಿಯಲ್ಲ. ಮಳೆಯ ನೀರು ನಿಲ್ಲಲೆಂದು ಹೊಲದ ನಡುವೆ ಹಾಕಿದ ಏರಿ ಅದು. ನಿಮ್ಮ ಕೊನೆಯ ಕಾಗದದಲ್ಲಿ "ಒಡ್ಡಿನ ಗಡಿ" ಎಂದು ಓದಿದಾಗ ನನಗೆ ತಿಳಿಯಿತು. ನಿಮ್ಮ ಲೆಕ್ಕದಲ್ಲಿ ಹೊಲ ಅಲ್ಲಿಗೇ ಮುಗಿದಿತ್ತು. ನೀವು ಚೆಲ್ಲಿದ ಚರಗ ನಿಮಗೆ ಪೂರ್ತಿ ಹೊಲದ್ದೇ ಆಗಿತ್ತು. ನಾನು ಅದನ್ನು ಪಾಲು ಕೇಳುವ ಸನ್ನೆ ಎಂದುಕೊಂಡು ಒಂಬತ್ತು ತಿಂಗಳು ನಿಮ್ಮನ್ನು ಸುಳ್ಳುಗಾರ ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಉಮಾ ಒಡ್ಡಿನ ಆಚೆ ಇದ್ದಾಳೆ. ಬನ್ನಿಯ ಬೊಡ್ಡೆಯಿಂದ ಮೂಡಣಕ್ಕೆ ಇಪ್ಪತ್ತೆರಡು ಹೆಜ್ಜೆ. ಬನ್ನಿಯ ಕೆಳಗೆ ಕೂಡಿರಿ, ಮುಖ ಊರ ಕಡೆಗಿರಲಿ ಎಂದು ನಾನು ಷರತ್ತು ಹಾಕಿದ್ದು ಯಾಕೆಂದು ಈಗ ನಿಮಗೆ ತಿಳಿಯುತ್ತದೆ. ಆರು ತಿಂಗಳು ನೀವು ಅವಳಿಗೆ ಬೆನ್ನು ಮಾಡಿ ಕೂತು ಅವಳನ್ನು ಹುಡುಕಿದಿರಿ. ಹಾಗೆ ಕೂಡಿಸಿದವಳು ನಾನು.

ಮಣ್ಣು ಮಾಡಿದ ಹದಿಮೂರನೆಯ ದಿನ ಅವಳ ಮೇಲಿನ ದಿಬ್ಬವನ್ನು ಸಮ ಮಾಡಿಸಿದೆ. ಗದ್ದುಗೆ ಉಳಿದರೆ ನಾಳೆ ನರಗುಂದದವರು ನಮ್ಮ ಸೊಸೆಯ ಸಮಾಧಿ ಎಂದು ಹೊಲಕ್ಕೆ ಕೈ ಹಾಕುತ್ತಾರೆ ಎಂದು ಈಶಪ್ಪ ಹೇಳಿದ್ದ. ಹೇಳುವವನು ಹೇಳುತ್ತಾನೆ, ಮಾಡಿಸಿದವಳು ನಾನು. ಹುಚ್ಚಪ್ಪ ಎತ್ತು ನಿಲ್ಲಿಸಿ ಕುಂಟೆಯ ಮೇಲೆ ಕೈಯಿಟ್ಟು ಅತ್ತ. "ಅವ್ವಾರ, ನನ್ನ ಕೈಲೆ ಆಗೂದಿಲ್ರಿ. ಎತ್ತಿಕೊಂಡು ಆಡಿಸಿದ ಕೂಸದು." ನಾನು "ಹೊಡಿ" ಅಂದೆ. ಹೊಡೆದ. ಹೊಲ ಉಳಿಸಿಕೊಳ್ಳಲಿಕ್ಕೆ ಮಾಡಿಸಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಮಣ್ಣು ಕೊಡಲು ಬಾರದವನಿಗೆ ಅಳಲು ಜಾಗವೂ ಇರಬಾರದು ಎಂಬುದೂ ನನ್ನ ಮನಸ್ಸಿನಲ್ಲಿತ್ತು. ಅದನ್ನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಹೆಜ್ಜೆಗಳನ್ನು ಎಣಿಸಿಟ್ಟುಕೊಂಡದ್ದು ಅಂದೇ.

ನೀವು ಕಣವನ್ನೇ ನಂಬಿಕೊಂಡು ಇರಲಿ ಎಂದು ಎರಡು ತಿಂಗಳು ಸುಮ್ಮನಿದ್ದೆ. ನಿಮಗೆ ನಿದ್ದೆ ಬಂತು, ಗುಡ್ಡಕ್ಕೆ ಬಣ್ಣ ಬಂತು, ನನ್ನ ಹೊಲವೂ ಉಳಿಯಿತು ಎಂದುಕೊಂಡೆ. ಆದರೆ ಸೋಮವಾರ ಬಾಬುಸಾಬ ಕಲ್ಲು ತಂದು ಕಣದ ಮೇಲೆ ಇಳಿಸಿದ. "ಅವ್ವಾರ, ಹೆಸರು ಯಾ ಕಡೆ ಬರಬೇಕ್ರಿ?" ಎಂದು ಕೇಳಿದ. ಎತ್ತು ತುಳಿದು ಸಗಣಿ ಹಾಕಿದ ಜಾಗದಲ್ಲಿ ನನ್ನ ಮಗಳ ಹೆಸರು ಬಿದ್ದಿತ್ತು. ಸುಳ್ಳನ್ನು ಬಾಯಲ್ಲಿ ಇಟ್ಟುಕೊಳ್ಳಬಹುದು. ಕಲ್ಲಿನಲ್ಲಿ ಇಡಲು ನನ್ನಿಂದ ಆಗಲಿಲ್ಲ.

ಮಂಗಳವಾರ, ಸೀಗಿ ಹುಣ್ಣಿವೆಯ ಬೆಳಿಗ್ಗೆ, ನಾನೇ ಹೊಲಕ್ಕೆ ಹೋದೆ. ಹುಚ್ಚಪ್ಪ, ದೇವವ್ವ, ಗುರುಪಾದ ಜೊತೆಗಿದ್ದರು. ಕಲ್ಲನ್ನು ಚಕ್ಕಡಿಯಲ್ಲಿ ಹೇರಿಸಿ ಒಡ್ಡು ದಾಟಿಸಿದೆ. ಬನ್ನಿಯಿಂದ ಹೆಜ್ಜೆ ಹಾಕಿದೆ. ಆರು ವರ್ಷದಲ್ಲಿ ಹೆಜ್ಜೆ ಸಣ್ಣದಾಗಿದೆ, ಇಪ್ಪತ್ತೈದು ಬೇಕಾಯಿತು. ಹುಚ್ಚಪ್ಪ ನನಗಿಂತ ಮೊದಲೇ ಅಲ್ಲಿ ಹೋಗಿ ನಿಂತಿದ್ದ. ಅವನೂ ಮರೆತಿರಲಿಲ್ಲ.

ಈಶಪ್ಪ ಸೈಕಲ್ ಮೋಟಾರಿನಲ್ಲಿ ಓಡಿ ಬಂದ. "ವೈನಿ, ಕಲ್ಲು ಇಟ್ರ ಮುಗೀತು. ನಾಳೆ ಕೋರ್ಟಿಗೆ ಹೊಕ್ಕಾರ!"

"ಹೋಗ್ಲಿ. ಜಡ್ಜರು ಇಲ್ಲಿಗೆ ಬರ್ಲಿ. ಹೊಲ ಯಾರದಂತ ಅಕಿನ್ನ ಕೇಳ್ಲಿ."

ಈಶಪ್ಪ ಚಪ್ಪಲಿ ಬಿಟ್ಟು, ತಾನೂ ಒಂದು ಬುಟ್ಟಿ ಮಣ್ಣು ಹೊತ್ತ.

ಗೇಣುದ್ದ ಎದ್ದಿದ್ದ ಜೋಳದ ಸಸಿ ಕಿತ್ತು ದಿಬ್ಬ ಏರಿಸಿದ್ದೇವೆ. ತಲೆಯ ಕಡೆ ಕಲ್ಲು ನಿಂತಿದೆ. ಸುತ್ತ ಆರಾರು ಮೊಳ ಬಿಟ್ಟು ನಾಲ್ಕು ಗುರುತುಕಲ್ಲು ಹುಗಿಸಿದ್ದೇನೆ. ನಾನು ಇರಲಿ ಬಿಡಲಿ, ಕೂರಿಗೆಯೂ ಟ್ರ್ಯಾಕ್ಟರೂ ಅದರಾಚೆಯೇ ತಿರುಗಬೇಕೆಂದು ಗುರುಪಾದನಿಂದ ಆ ಮಣ್ಣು ಮುಟ್ಟಿಸಿ ಮಾತು ತೆಗೆದುಕೊಂಡಿದ್ದೇನೆ. ಆಮೇಲೆ ಚರಗವನ್ನು ನಾನೇ ಚೆಲ್ಲಿದೆ, ಒಡ್ಡಿನ ಈಚೆಗೂ ಆಚೆಗೂ.

ಹೊಲ ನನ್ನದೇ. ಅದರ ಮಾತು ಎತ್ತಬೇಡಿರಿ. ನಿಮ್ಮ ಮೇಲಿನ ಸಂಶಯ ಪೂರ್ತಿ ಹೋಗಿದೆ ಎಂದೂ ತಿಳಿಯಬೇಡಿರಿ. ಅವಳು ಹೋಗು ಎಂದಳೆಂಬ ಮಾತನ್ನು ನಾನು ಇನ್ನೂ ತೂಗುತ್ತಿದ್ದೇನೆ. ಅವಳ ಸ್ವಭಾವ ನೋಡಿದರೆ ಅಂದಿರಬಹುದು. ಹಬ್ಬದ ದಿನ ಬರಕೂಡದೆಂಬ ಷರತ್ತು, ಮುಖ ಯಾವ ಕಡೆಗಿರಬೇಕೆಂಬ ಷರತ್ತು ಎರಡನ್ನೂ ತೆಗೆದಿದ್ದೇನೆ.

ದಿಬ್ಬ ಮುಗಿಯುವ ಹೊತ್ತಿಗೆ ಕಲ್ಲಿನ ಬುಡದಲ್ಲಿ ಒಂದು ಬೊಗಸೆಯಷ್ಟು ತಗ್ಗು ಉಳಿದಿತ್ತು. ದೇವವ್ವ ಮಣ್ಣು ತುಂಬಿಕೊಂಡು ಬಾಗಿದಳು. ನಾನು ಅವಳ ಕೈ ಹಿಡಿದೆ. ನೀವು ಒಯ್ದ ಮಣ್ಣಿನಲ್ಲಿ ಅರೆಯದೆ ಉಳಿದದ್ದು ಇದ್ದರೆ ತೆಗೆದುಕೊಂಡು ಹುಚ್ಚಪ್ಪನ ಜೊತೆ ಬರ್ರಿ. ತಗ್ಗನ್ನು ಹಾಗೆಯೇ ಬಿಡಿಸಿದ್ದೇನೆ.

ಉಮಾಶ್ರೀಯ ತಾಯಿ,
ಚನ್ನವ್ವ